ಹಳೆಯ ಹಾಲಿವುಡ್ಡನ್ನು ಬೈಯುವ ಮೊದಲು ರಿಮೋಟ್ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಸಭಾಂಗಣವೊಂದರಲ್ಲಿ ನಡೆದ ಹಳೆಯ ಹಾಲಿವುಡ್ ಚಿತ್ರಗಳ ಪ್ರದರ್ಶನ ಕುರಿತು ನಿಮ್ಮ ವಾಚಕರ ಅಂಕಣದಲ್ಲಿ ಬಂದ ಪತ್ರಕ್ಕೆ ಇದು ಪ್ರತಿಕ್ರಿಯೆ. ಪತ್ರ ಬರೆದವರ ತಕರಾರು ಮೂರು. ಆ ಕಾಲದ ನಟರದು ಅತಿ ಅಭಿನಯ. ಎಲ್ಲರೂ ಬೆನ್ನಿಗೆ ಬೆಂಕಿ ಬಿದ್ದವರ ಹಾಗೆ ಓಡಾಡುತ್ತಾರೆ. ನಿರ್ದೇಶಕರು ಕ್ಯಾಮೆರಾವನ್ನು ಎದುರಿಗೆ ನೆಟ್ಟು ನಾಟಕ ಹಿಡಿದಿದ್ದಾರೆ. ಅವರ ಕಣ್ಣಿಗೆ ಕಂಡದ್ದರ ಮಟ್ಟಿಗೆ ಇದೇನೂ ಸುಳ್ಳಲ್ಲ. ಆದರೆ ಅವರಿಗೆ ಕಂಡದ್ದು ಆ ಕಾಲದ ನಿರ್ದೇಶಕರಾದ ಜಾನ್ ಫೋರ್ಡ್, ವಿಲಿಯಂ ವೈಲರ್, ಆರ್ಸನ್ ವೆಲ್ಸ್ ಮಾಡಿದ ಚಿತ್ರವಲ್ಲ. ಪ್ರೊಜೆಕ್ಟರಿನ ಫ್ಯಾಕ್ಟರಿ ಸೆಟ್ಟಿಂಗ್ ಮಾಡಿದ ಚಿತ್ರ. ಫೋರ್ಡ್ ದೊಡ್ಡವನೋ ಹಾವರ್ಡ್ ಹಾಕ್ಸ್ ದೊಡ್ಡವನೋ ಎಂಬ ಜಗಳ ಆಮೇಲಾಗಲಿ. ಮೊದಲು ಪರದೆಯ ಮೇಲಿರುವುದು ಅವರ ಚಿತ್ರವೇ ಎಂಬುದು ಖಾತ್ರಿಯಾಗಬೇಕು.

ಆಕಾರದಿಂದ ಶುರು ಮಾಡುತ್ತೇನೆ. 1932ರಿಂದ 1953ರವರೆಗಿನ ಹಾಲಿವುಡ್ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಒಂದೇ: ಎತ್ತರ 1 ಅಡಿಯಾದರೆ ಅಗಲ 1.37 ಅಡಿ. ಅಕಾಡೆಮಿ ರೇಶಿಯೋ ಅನ್ನುವುದು ಇದನ್ನೇ. ಈಗಿನ ಟಿವಿ, ಪ್ರೊಜೆಕ್ಟರ್‌ಗಳದು 16:9, ಅಂದರೆ 1.78. ಹಾಗಾಗಿ ಹಳೆಯ ಚಿತ್ರ ಹಾಕಿದಾಗ ಎಡಬಲಕ್ಕೆ ಕಪ್ಪು ಪಟ್ಟಿ ಬರಲೇಬೇಕು. 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಪರದೆಯಲ್ಲಿ ಚಿತ್ರ ನಿಲ್ಲುವುದು 6 ಅಡಿ 2 ಇಂಚು ಅಗಲಕ್ಕೆ; ಎರಡೂ ಬದಿ ತಲಾ 11 ಇಂಚು ಖಾಲಿ. ಈ ಖಾಲಿ ಜಾಗ ಕಂಡರೆ ಸಂಘಟಕರಿಗೆ ಏನೋ ಸಂಕಟ, ದುಡ್ಡು ಕೊಟ್ಟು ತಂದ ಪರದೆ ದಂಡವಾಯಿತಲ್ಲ ಎಂದು. ರಿಮೋಟ್ ಒತ್ತಿ ತುಂಬಿಸಿಬಿಡುತ್ತಾರೆ.

ತುಂಬಿಸಲು ಎರಡು ದಾರಿಯಿದೆ, ಎರಡೂ ಕೆಟ್ಟವೇ. 'ಫುಲ್' ಅಥವಾ 'ಸ್ಟ್ರೆಚ್' ಒತ್ತಿದರೆ ಅಗಲ ಶೇ 30ರಷ್ಟು ಹಿಗ್ಗುತ್ತದೆ. 6 ಅಡಿ 3 ಇಂಚಿನ ಸಪೂರ ಆಳು, ನಟ ಜೇಮ್ಸ್ ಸ್ಟುವರ್ಟ್ ಗಿಡ್ಡ ಗುಂಡಣ್ಣನಾಗುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಖದ ಸಣ್ಣ ಚಲನೆಯೂ ಅಡ್ಡಕ್ಕೆ ಎಳೆದುಕೊಂಡು ದೊಡ್ಡದಾಗಿ ಕಾಣುತ್ತದೆ. ಹುಬ್ಬು ಒಂದು ನೂಲು ಎದ್ದರೂ ಅಣಕಿಸಿದ ಹಾಗೆ. ಪತ್ರದಲ್ಲಿ ಹೇಳಿದ 'ಅತಿ ಅಭಿನಯ'ದ ಅರ್ಧ ಪಾಲು ಇಲ್ಲೇ ಹುಟ್ಟಿದ್ದು. 'ಜೂಮ್' ಒತ್ತಿದರೆ ಮುಖ ಸರಿ ಇರುತ್ತದೆ, ಆದರೆ ಎತ್ತರದಲ್ಲಿ ಶೇ 23 ಕತ್ತರಿಸಿ ಹೋಗುತ್ತದೆ. 1941ರ ಸಿಟಿಜನ್ ಕೇನ್‌ನಲ್ಲಿ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಕ್ಯಾಮೆರಾವನ್ನು ನೆಲಕ್ಕಿಳಿಸಿ, ಸೆಟ್ಟಿಗೆ ಮಸ್ಲಿನ್ ಬಟ್ಟೆಯ ಮಾಡು ಹೊದಿಸಿ, ಮೈಕನ್ನು ಬಟ್ಟೆಯ ಮೇಲಿಟ್ಟು ಚಿತ್ರೀಕರಿಸಿದರು. ತಲೆಯ ಮೇಲೆ ಕವಿದ ಆ ಮಾಡೇ ದೃಶ್ಯದ ಅರ್ಥ. ಜೂಮ್ ಮೊದಲು ನುಂಗುವುದೂ ಅದನ್ನೇ.

ಪರೀಕ್ಷೆ ಸುಲಭ. ಫೋರ್ಡ್‌ನ ಸ್ಟೇಜ್‌ಕೋಚ್ ಹಾಕಿ, ಗಾಡಿ ಪಕ್ಕದಿಂದ ಕಾಣುವ ಕಡೆ ನಿಲ್ಲಿಸಿ, ಚಕ್ರದ ಅಗಲ ಎತ್ತರಗಳನ್ನು ಪರದೆಯ ಮೇಲೆಯೇ ಟೇಪಿನಿಂದ ಅಳೆಯಿರಿ. ಎರಡೂ ಒಂದೇ ಬಂದರೆ ಆಕಾರ ಸರಿ. ಅಗಲ ಹೆಚ್ಚಿದ್ದರೆ ಪ್ರೊಜೆಕ್ಟರಿನ ಆಸ್ಪೆಕ್ಟ್ ಮೆನುವಿನಲ್ಲಿ 'ಒರಿಜಿನಲ್' ಅಥವಾ 'ಆಟೋ' ಆರಿಸಿ. ಲ್ಯಾಪ್‌ಟಾಪಿನಲ್ಲಿ ಚಿತ್ರ ಓಡಿಸಲು ವಿಎಲ್‌ಸಿ ತಂತ್ರಾಂಶ ಬಳಸುವವರು ಇಂಗ್ಲಿಷ್ 'ಎ' ಕೀಲಿ ಒತ್ತುತ್ತ ಹೋದರೆ ಆಕಾರಗಳು ಒಂದೊಂದಾಗಿ ಬದಲಾಗುತ್ತವೆ; 'ಡಿಫಾಲ್ಟ್'ಗೆ ತಂದು ಬಿಡಿ. ಎರಡು ಕಡೆ ಸರಿಮಾಡಲು ಹೋದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಮೊದಲು ಪ್ರೊಜೆಕ್ಟರ್, ಆಮೇಲೆ ಲ್ಯಾಪ್‌ಟಾಪ್.

1953ರ ಸೆಪ್ಟೆಂಬರಿನಲ್ಲಿ ದಿ ರೋಬ್ ಚಿತ್ರದೊಂದಿಗೆ ಅಗಲ ಚೌಕಟ್ಟಿನ ಸಿನಿಮಾಸ್ಕೋಪ್ ಬಂತು. ಅಲ್ಲಿಂದ ಮುಂದೆ ಪ್ರತಿ ಚಿತ್ರದ ಆಕಾರವನ್ನೂ ಬೇರೆಯಾಗಿಯೇ ವಿಚಾರಿಸಬೇಕು. 2.35ರ ಚಿತ್ರಕ್ಕೆ ಕಪ್ಪು ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಅದನ್ನು ತುಂಬಿಸಿದರೆ ಅಗಲದ ನಾಲ್ಕನೇ ಒಂದು ಪಾಲು ಮಾಯ. ಹಳೆಯ ವಿಸಿಡಿಗಳಲ್ಲಿ ಇನ್ನೂ ಕಡೆ: ಶೇ 43ರಷ್ಟು ಹೋಗಿ, ಮಾತಾಡುವವರ ಪೈಕಿ ಒಬ್ಬರ ಮೂಗು ಮಾತ್ರ ಅಂಚಿನಲ್ಲಿ ಉಳಿದಿರುತ್ತದೆ. ನಿಕೊಲಸ್ ರೇ ಜೇಮ್ಸ್ ಡೀನ್‌ನನ್ನು ಇಟ್ಟುಕೊಂಡು 1955ರಲ್ಲಿ ಮಾಡಿದ ರೆಬೆಲ್ ವಿದೌಟ್ ಎ ಕಾಸ್ ಅನ್ನು ಹಾಗೆ ನೋಡುವುದಕ್ಕಿಂತ ನೋಡದಿರುವುದೇ ಲೇಸು.

ಹೆಗ್ಗೋಡಿನಲ್ಲಿ 1973ರಲ್ಲಿ ಶುರುವಾದ ನೀನಾಸಂ ಚಿತ್ರಸಮಾಜದ ಕಾಲದವರಿಗೆ ಈ ರೋಗ ಗೊತ್ತಿರಲಿಲ್ಲ. 16 ಎಂಎಂ ಪ್ರೊಜೆಕ್ಟರಿನ ಗೇಟು ಲೋಹದ್ದು. ಚೌಕಟ್ಟನ್ನು ಹಿಗ್ಗಿಸುತ್ತೇನೆಂದರೂ ಅದು ಒಪ್ಪುವುದಿಲ್ಲ. ಇದು ಶುದ್ಧ ರಿಮೋಟ್ ಯುಗದ ಕಾಯಿಲೆ.

ಎರಡನೆಯದು ವೇಗ. ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳನ್ನು ನಮ್ಮವರು ಒಂದೇ ಗಂಟು ಕಟ್ಟುತ್ತಾರೆ.

ಮೂಕಿ ಚಿತ್ರಗಳ ವೇಗಕ್ಕೆ ಒಂದು ಕಟ್ಟು ಇರಲಿಲ್ಲ. ಸೆಕೆಂಡಿಗೆ 16ರಿಂದ 24 ಫ್ರೇಮಿನ, ಅಂದರೆ ಬಿಡಿ ಚಿತ್ರಗಳ, ನಡುವೆ ಕ್ಯಾಮೆರಾದವನ ಕೈ ತಿರುಗಿದ ಹಾಗೆ. 24 ಎಂಬುದು ಗಟ್ಟಿಯಾದದ್ದು ಮಾತು ಬಂದ ಮೇಲೆ. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಮೂರನೇ ಒಂದು ಪಾಲು ವೇಗ ಹೆಚ್ಚಿ ಜನ ಗೊಂಬೆಗಳ ಹಾಗೆ ಕುಪ್ಪಳಿಸುತ್ತಾರೆ. ವಿಎಲ್‌ಸಿಯ ಪ್ಲೇಬ್ಯಾಕ್ ಮೆನುವಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, ಡಿಸ್ಕಿನ ಸಂಗೀತ ಮುಚ್ಚಿ, ಬೇರೆ ಸಂಗೀತ ಹಾಕಿಕೊಳ್ಳಬಹುದು. ಆದರೆ ಎಲ್ಲವನ್ನೂ ಇಳಿಸಲು ಹೋಗಬೇಡಿ. ಬಸ್ಟರ್ ಕೀಟನ್, ಚಾಪ್ಲಿನ್ ಇಬ್ಬರೂ ಬೆನ್ನಟ್ಟುವ ದೃಶ್ಯಗಳಿಗೆ ಬೇಕೆಂದೇ ಕ್ಯಾಮೆರಾವನ್ನು ನಿಧಾನ ತಿರುಗಿಸಿ ವೇಗ ತಂದವರು. ಅಳತೆಗೋಲು ಒಂದೇ: ಸುಮ್ಮನೆ ನಡೆದು ಹೋಗುವವನ ಹೆಜ್ಜೆ ನೋಡಿ. ಅದು ಸಹಜವಾಗಿದ್ದರೆ ಉಳಿದ ಓಟವೆಲ್ಲ ಕೀಟನ್‌ನ ಲೆಕ್ಕಾಚಾರ. ಚಾಪ್ಲಿನ್‌ನ 1931ರ ಸಿಟಿ ಲೈಟ್ಸ್‌ಗಂತೂ ಕೈ ಹಚ್ಚಲೇಬಾರದು. ಅದು ಮಾತಿಲ್ಲದ ಚಿತ್ರವಾದರೂ ಅವನೇ ಹೊಂದಿಸಿದ ಸಂಗೀತ ಫಿಲ್ಮಿನಲ್ಲೇ ಅಚ್ಚಾಗಿದೆ.

ಎರಡನೇ ತೊಂದರೆ ಪಾಲ್ ಪದ್ಧತಿಯ ಡಿವಿಡಿಗಳದು. ಪಾಲ್ ಎಂಬುದು ನಮ್ಮ ಟಿವಿಯ ಪದ್ಧತಿ, ಅದರಲ್ಲಿ ಸೆಕೆಂಡಿಗೆ 25 ಫ್ರೇಮು. 24ರ ಚಿತ್ರವನ್ನು ಹಾಗೇ 25ರಲ್ಲಿ ಓಡಿಸಿ ಡಿಸ್ಕು ಮಾಡಿರುತ್ತಾರೆ. 102 ನಿಮಿಷದ ಕಾಸಾಬ್ಲಾಂಕಾ 98ಕ್ಕೆ, 119ರ ಸಿಟಿಜನ್ ಕೇನ್ 114ಕ್ಕೆ ಮುಗಿಯುತ್ತದೆ. ಕಣ್ಣಿಗೆ ಅಷ್ಟಾಗಿ ತಿಳಿಯದು, ಕಿವಿಗೆ ತಿಳಿಯುತ್ತದೆ: ಶ್ರುತಿ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನ ಹತ್ತಿರ ಏರಿರುತ್ತದೆ. ಯಕ್ಷಗಾನದ ಧ್ವನಿಮುದ್ರಣವನ್ನು ಒಂಚೂರು ಜೋರಾಗಿ ಓಡಿಸಿ ಭಾಗವತರ ಕಂಠದ ಬಗ್ಗೆ ಅಭಿಪ್ರಾಯ ಕೊಟ್ಟ ಹಾಗಾಯಿತು, ಕಾಸಾಬ್ಲಾಂಕಾದ ನಾಯಕ ಬೋಗಾರ್ಟ್‌ನ ಗೊಗ್ಗರು ದನಿ ಅದರಲ್ಲಿ ತೆಳ್ಳಗಾಗಿ ಕೇಳಿಸುತ್ತದೆ. ಡಿಸ್ಕಿನ ಅವಧಿ ಪುಸ್ತಕದಲ್ಲಿರುವ ಅವಧಿಗಿಂತ ನೂರಕ್ಕೆ ನಾಲ್ಕು ಕಡಿಮೆಯಿದ್ದರೆ ಇದೇ ಕಾರಣ, ಕತ್ತರಿ ಬಿದ್ದಿಲ್ಲ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ ಈ ಗೋಳಿಲ್ಲ.

ಮೂರನೆಯದು ಹೊಸ ಟಿವಿಗಳ ಮೋಷನ್ ಸ್ಮೂದಿಂಗ್. ಕ್ರಿಕೆಟ್ ನುಣುಪಾಗಿ ಕಾಣಲೆಂದು ಟಿವಿ ತಾನೇ ನಡುವಿನ ಫ್ರೇಮುಗಳನ್ನು ಹುಟ್ಟಿಸಿ ತುರುಕುತ್ತದೆ. 1944ರ ಡಬಲ್ ಇಂಡೆಮ್ನಿಟಿ ಆಗ ಸಂಜೆಯ ಧಾರಾವಾಹಿಯ ಹಾಗೆ ಕಾಣುತ್ತದೆ, 'ನಾಟಕ ಹಿಡಿದಿದ್ದಾರೆ' ಎಂಬ ಮಾತೂ ಹುಟ್ಟುತ್ತದೆ. ಸೋನಿಯಲ್ಲಿ ಇದಕ್ಕೆ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಎಂದು ಹೆಸರು. ಆಫ್ ಮಾಡಿಬಿಡಿ. 'ಫಿಲ್ಮ್‌ಮೇಕರ್ ಮೋಡ್' ಇರುವ ಟಿವಿಯಾದರೆ ಅದೊಂದನ್ನು ಒತ್ತಿದರೆ ಸಾಕು. ಜೊತೆಗೆ 'ನಾಯ್ಸ್ ರಿಡಕ್ಷನ್' ಆಫ್, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ, 'ವಿವಿಡ್' ಬದಲು 'ಸಿನಿಮಾ'. ಫಿಲ್ಮಿನ ಕಾಳು ಕಾಳು ನೋಟವನ್ನು ಕೊಳೆಯೆಂದು ತಿಳಿದು ತೊಳೆಯಹೊರಟರೆ ದೂರದಲ್ಲಿ ನಿಂತವರ ಮುಖವೂ ತೊಳೆದು ಹೋಗುತ್ತದೆ.

ದೂರದಲ್ಲಿ ನಿಂತವರ ಮಾತು ಯಾಕೆ ಎತ್ತಿದೆನೆಂದರೆ, 'ನಿರ್ದೇಶಕರಿಗೆ ಕ್ಯಾಮೆರಾ ಗೊತ್ತಿಲ್ಲ', 'ನಟರದು ಅತಿ' ಎಂಬ ಎರಡೂ ಆರೋಪಗಳಿಗೆ ಒಂದೇ ದೃಶ್ಯದಲ್ಲಿ ಉತ್ತರವಿದೆ. ವೈಲರ್ 1946ರಲ್ಲಿ ಮಾಡಿದ ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್, ಛಾಯಾಗ್ರಹಣ ಇಲ್ಲೂ ಟೋಲೆಂಡ್. ಯುದ್ಧದಿಂದ ಮರಳಿದ ಮೂವರ ಕಥೆ. ಒಂದು ಬಾರಿನಲ್ಲಿ ಹೋಮರ್, ಎರಡೂ ಕೈ ಕಳೆದುಕೊಂಡು ಕಬ್ಬಿಣದ ಕೊಕ್ಕೆ ಕಟ್ಟಿಕೊಂಡವನು, ಪಿಯಾನೋ ನುಡಿಸುತ್ತಾನೆ. ಅವನೂ ಜೊತೆಯಲ್ಲಿ ನುಡಿಸುವವನೂ ಕ್ಯಾಮೆರಾಕ್ಕೆ ಹತ್ತಿರ. ಪಕ್ಕದಲ್ಲಿ ನಿಂತ ಆಲ್, ಅಂದರೆ ಫ್ರೆಡ್ರಿಕ್ ಮಾರ್ಚ್, ಸಂಗೀತಕ್ಕೆ ತಲೆದೂಗುತ್ತಿದ್ದಾನೆ. ಹಿಂದೆ, ಬಲು ದೂರದಲ್ಲಿ ಒಂದು ಟೆಲಿಫೋನ್ ಗೂಡು. ಅದರೊಳಗೆ ಫ್ರೆಡ್, ಅಂದರೆ ಡಾನಾ ಆಂಡ್ರೂಸ್, ಆಲ್‌ನ ಮಗಳಿಗೆ ಫೋನ್ ಮಾಡಿ ಸಂಬಂಧ ಕಡಿದುಕೊಳ್ಳುತ್ತಿದ್ದಾನೆ. ಹಾಗೆ ಮಾಡೆಂದು ಹೇಳಿದವನು ಆಲ್‌ನೇ. ಕಥೆಯ ಗಂಟಲು ಹಿಡಿಯುವ ಘಟ್ಟ ಇದು. ಫ್ರೆಡ್‌ನ ಒಂದು ಮಾತೂ ನಮಗೆ ಕೇಳಿಸುವುದಿಲ್ಲ, ಮುಖ ಹತ್ತಿರಕ್ಕೆ ಬರುವುದಿಲ್ಲ. ಆಲ್ ನಡುನಡುವೆ ಕಣ್ಣು ಹೊರಳಿಸಿ ಆ ಕಡೆ ನೋಡುತ್ತಾನೆ, ಮತ್ತೆ ಪಿಯಾನೋ ಕಡೆ ತಿರುಗುತ್ತಾನೆ. ಯಾವುದನ್ನು ನೋಡಬೇಕೆಂದು ವೈಲರ್ ಬೆರಳು ತೋರಿಸುವುದಿಲ್ಲ, ಆಲ್‌ನ ಕಣ್ಣಿಗೆ ಬಿಟ್ಟಿದ್ದಾನೆ. ನಾಯಕನ ಮುಖ್ಯ ದೃಶ್ಯವನ್ನು ಹೀಗೆ ಮೂಲೆಗೆ ಸರಿಸಲು ನಿರ್ದೇಶಕನಿಗೆ ಎದೆಗಾರಿಕೆ ಬೇಕು, ಅಲ್ಲಿ ನಿಂತು ಅಭಿನಯಿಸಲು ನಟನಿಗೆ ಸಂಯಮ ಬೇಕು. ಹೋಮರ್ ಆಗಿ ನಟಿಸಿದ ಹೆರಾಲ್ಡ್ ರಸೆಲ್ ವೃತ್ತಿನಟನೇ ಅಲ್ಲ. ಸೈನ್ಯದಲ್ಲಿದ್ದಾಗ ನಿಜವಾಗಿಯೂ ಎರಡೂ ಕೈ ಕಳೆದುಕೊಂಡವನು, ಇದೊಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದವನು.

ನಾಯ್ಸ್ ರಿಡಕ್ಷನ್ ಹಾಕಿದ, ಕಿಟಕಿ ತೆರೆದಿಟ್ಟ ಸಭಾಂಗಣದಲ್ಲಿ ಆ ಟೆಲಿಫೋನ್ ಗೂಡು ಒಂದು ಬೂದು ಮಚ್ಚೆ. ನೋಡಿದವರಿಗೆ ಉಳಿಯುವುದು ಪಿಯಾನೋ ಮಾತ್ರ. ವೈಲರ್‌ನಿಗೆ ಶೈಲಿಯಿಲ್ಲ, ಸ್ಟುಡಿಯೋ ಹೇಳಿದ್ದನ್ನು ಚೊಕ್ಕವಾಗಿ ಮಾಡುವ ಕಸುಬುದಾರ ಎಂಬ ಮಾತು ಚಿತ್ರಪ್ರೇಮಿಗಳಲ್ಲಿ ಬಹಳ ಕಾಲದಿಂದ ಇದೆ. ಅದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅವನ ಶೈಲಿ ಚೌಕಟ್ಟಿನ ಹಿಂಬದಿಯಲ್ಲಿದೆ.

ಹಾಗೆಂದು ಪತ್ರಲೇಖಕರ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. 1929ರ ಆಸುಪಾಸಿನ ಮೊದಮೊದಲ ಟಾಕಿಗಳು ನಿಜಕ್ಕೂ ಮರಗಟ್ಟಿವೆ. ಕ್ಯಾಮೆರಾದ ಸದ್ದು ಮೈಕಿಗೆ ಬೀಳಬಾರದೆಂದು ಅದನ್ನು ಗಾಜಿನ ಕಿಟಕಿಯ ಪೆಟ್ಟಿಗೆಯೊಳಗೆ ಕೂಡಿದ್ದರು. ನಟರು ಅಡಗಿಸಿಟ್ಟ ಮೈಕಿನ ಸುತ್ತ ನಿಂತೇ ಮಾತಾಡಬೇಕಿತ್ತು. ಡಾರತಿ ಆರ್ಜ್ನರ್ ಎಂಬ ನಿರ್ದೇಶಕಿ 1929ರಲ್ಲಿ ನಟಿ ಕ್ಲಾರಾ ಬೋ ಓಡಾಡಿಕೊಂಡು ಮಾತಾಡಲೆಂದು ಮೈಕನ್ನು ಗಾಳದ ಕೋಲಿಗೆ ಕಟ್ಟಿಸಿದಳು ಎನ್ನುತ್ತಾರೆ. ಆಮೇಲೆ ಮೂರ್ನಾಲ್ಕು ವರ್ಷದಲ್ಲೇ ಚಿತ್ರಣ ಬದಲು. 1934ರ ಇಟ್ ಹ್ಯಾಪನ್ಡ್ ಒನ್ ನೈಟ್‌ನಲ್ಲಿ ಕ್ಲಾರ್ಕ್ ಗೇಬಲ್, ಕ್ಲಾಡೆಟ್ ಕೋಲ್ಬರ್ಟ್ ಮಾತಾಡುವುದನ್ನು ಕೇಳಿ ಅತಿ ಅಭಿನಯ ಎನ್ನಲು ಸಾಧ್ಯವೇ?

ಕೇಳಬೇಕಾದರೆ ಕೇಳಿಸಬೇಕಲ್ಲ. ಮಲೆನಾಡಿನ ದೊಡ್ಡ ಅಡ್ಡಿ ಇದೇ. ಪುನರ್ವಸು, ಪುಷ್ಯ ಮಳೆಯಲ್ಲಿ ಜಿಂಕ್ ಶೀಟಿನ ಕೆಳಗೆ 1930ರ ದಶಕದ ಸಂಭಾಷಣೆ ನಿಲ್ಲುವುದಿಲ್ಲ. ಆ ಧ್ವನಿಪಟ್ಟಿಯಲ್ಲಿ 8 ಕಿಲೋಹರ್ಟ್ಸ್‌ನಿಂದ ಮೇಲೆ ಹೆಚ್ಚಿನದೇನೂ ಇಲ್ಲ, ಬರೀ ಸುಯ್ ಶಬ್ದ. ಕೇಳಿಸಲಿಲ್ಲವೆಂದು ಟ್ರೆಬಲ್ ಏರಿಸಿದರೆ ಸುಯ್ ಮಾತ್ರ ಏರುತ್ತದೆ. 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬಲ್ ಎತ್ತಿ, 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಹಳೆಯ ಚಿತ್ರ ಮೋನೋ, ಅಂದರೆ ಎಡ ಬಲ ಎಂದು ಬೇರೆ ಮಾಡದ ಒಂದೇ ಧ್ವನಿ. ಸಭಾಂಗಣದ ಎರಡು ಬದಿಯ ದೊಡ್ಡ ಪೆಟ್ಟಿಗೆಗಳಲ್ಲಿ ಹಾಕಿದರೆ ಮಾತು ಕಲಸುತ್ತದೆ. ಒಂದೇ ಸ್ಪೀಕರನ್ನು ಪರದೆಯ ಕೆಳಗೆ ನಡುವಿಗಿಟ್ಟರೆ ಅರ್ಧ ದನಿಯಲ್ಲೂ ಸ್ಪಷ್ಟ. ಇಷ್ಟರ ಮೇಲೂ ಜುಲೈ ತಿಂಗಳಲ್ಲಿ ಮಾತಿನ ಚಿತ್ರ ಇಟ್ಟುಕೊಳ್ಳದಿರುವುದೇ ಜಾಣತನ. ಮಳೆಗಾಲ ಮೂಕಿಗೆ ಹೇಳಿ ಮಾಡಿಸಿದ ಕಾಲ. ಕೀಟನ್‌ನ ಷರ್ಲಾಕ್ ಜೂನಿಯರ್ ಬರೀ 45 ನಿಮಿಷ. ಕರೆಂಟು ಅಷ್ಟು ಹೊತ್ತು ನಿಂತರೂ ನಿಂತೀತು.

ಕರೆಂಟು ಅಂದೆ. ಲ್ಯಾಂಪಿನ ಪ್ರೊಜೆಕ್ಟರ್ ಆದರೆ ಯುಪಿಎಸ್ ಇಲ್ಲದೆ ಹಚ್ಚಬೇಡಿ. ತಟ್ಟನೆ ಆರಿದರೆ ಫ್ಯಾನ್ ನಿಂತು ಲ್ಯಾಂಪು ಒಳಗೇ ಬೇಯುತ್ತದೆ. 300 ವ್ಯಾಟಿನ ಯಂತ್ರಕ್ಕೆ 1000 ವಿಎ ಸಾಕು. ಐದು ನಿಮಿಷದಲ್ಲಿ ಕ್ರಮವಾಗಿ ಆರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಪ್ರೊಜೆಕ್ಟರನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಜೆಲ್‌ನ ನೀಲಿ ಕಾಳು ಗುಲಾಬಿಗೆ ತಿರುಗಿದರೆ ಓವನ್ನಿನಲ್ಲಿ 110–120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು. ಹತ್ತಿ ಬಟ್ಟೆಯ ಪರದೆಯನ್ನು ಥಂಡಿಯಲ್ಲಿ ಸುತ್ತಿಡಬಾರದು ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ.

ಇನ್ನು ಕನ್ನಡ ಸಬ್‌ಟೈಟಲ್. ಕೆಲವರು ಶ್ರಮಪಟ್ಟು ಮಾಡುತ್ತಿದ್ದಾರೆ, ಸಂತೋಷ. ಪ್ರದರ್ಶನದ ದಿನ ಅದು ಕೆಡುವುದು ಮೂರು ಕಡೆ. ನುಡಿ ತಂತ್ರಾಂಶದ ಹಳೆಯ ಎಎಸ್‌ಸಿಐಐ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ಬರುವುದು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು. ಯುನಿಕೋಡಿಗೆ ಬದಲಿಸಿ, ಫೈಲನ್ನು ಯುಟಿಎಫ್-8ರಲ್ಲೇ ಉಳಿಸಬೇಕು. ಪೆನ್‌ಡ್ರೈವ್ ಚುಚ್ಚಿ ಟಿವಿಯಲ್ಲೇ ಓಡಿಸಿದರೆ ಅನೇಕ ಟಿವಿಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, 'ಕ್ಷ'ವನ್ನು ಕ ಮತ್ತು ಷ ಎಂದು ಬಿಡಿಸಿಡುತ್ತವೆ. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಿಬಿಡಿ. ಮೂರನೆಯದು, 24ರ ಪ್ರತಿಗೆ ಮಾಡಿದ ಸಬ್‌ಟೈಟಲನ್ನು 25ರ ಡಿವಿಡಿಗೆ ಜೋಡಿಸುವುದು. ಮೊದಲ ದೃಶ್ಯದಲ್ಲಿ ಸರಿಯಾಗಿರುತ್ತದೆ, ಕೊನೆಯ ಹೊತ್ತಿಗೆ ಅಕ್ಷರ ನಾಲ್ಕು ನಿಮಿಷ ಹಿಂದೆ ಬಿದ್ದಿರುತ್ತದೆ. ವಿಎಲ್‌ಸಿಯ 'ಜಿ', 'ಎಚ್' ಕೀಲಿಗಳು ಒಂದೇ ಸಮ ಹಿಂದೆ ಮುಂದೆ ಸರಿಸುತ್ತವೆಯೇ ಹೊರತು ಈ ಜಾರುವಿಕೆಯನ್ನು ತಡೆಯಲಾರವು. ಸಬ್‌ಟೈಟಲ್ ಎಡಿಟರಿನಲ್ಲಿ ಫ್ರೇಮ್ ರೇಟ್ ಬದಲಿಸುವುದೊಂದೇ ದಾರಿ.

ಬರವಣಿಗೆಯ ಮಾತಿಗೆ ಬಂದರೆ, ಸಾಲಿಗೆ 28–30 ಅಕ್ಷರ, ಎರಡೇ ಸಾಲು, ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು. ಬಿಳಿಯ ಬದಲು ತೆಳು ಹಳದಿ, ಸುತ್ತ ಕಪ್ಪು ಗೆರೆ. ಹಿಮದ ದೃಶ್ಯದಲ್ಲಿ ಬಿಳಿ ಅಕ್ಷರ ಕಾಣದು. ಹಾವರ್ಡ್ ಹಾಕ್ಸ್‌ನ 1940ರ ಹಿಸ್ ಗರ್ಲ್ ಫ್ರೈಡೆಯಂಥ ಚಿತ್ರದಲ್ಲಿ ಕ್ಯಾರಿ ಗ್ರಾಂಟ್, ರೋಸಲಿಂಡ್ ರಸೆಲ್ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತುತ್ತಾರೆ. ಎಲ್ಲವನ್ನೂ ಬರೆಯಹೋದರೆ ಪ್ರೇಕ್ಷಕ ಓದುತ್ತಾನೆ, ನೋಡುವುದಿಲ್ಲ. ಹಾಕ್ಸ್ ಸಂಭಾಷಣೆಯ ಹೆಚ್ಚಿನ ಸಾಲುಗಳ ತಲೆ ಬಾಲದಲ್ಲಿ ಮುಖ್ಯವಲ್ಲದ ಪದಗಳನ್ನೇ ಇಡಿಸಿದ್ದು, ಒಂದರ ಮೇಲೊಂದು ಬಿದ್ದರೂ ಅರ್ಥ ಉಳಿಯಲೆಂದು. ಸಬ್‌ಟೈಟಲ್ ಬರೆಯುವವರು ಆ ನಡುವಿನ ತಿರುಳನ್ನಷ್ಟೇ ಹಿಡಿದರೆ ಸಾಕು.

ಆವೃತ್ತಿಯ ಗೊಂದಲ ಚರ್ಚೆಗಳನ್ನು ಹಾಳುಮಾಡುವಷ್ಟು ಬೇರೆ ಯಾವುದೂ ಮಾಡುವುದಿಲ್ಲ. ಚಾಪ್ಲಿನ್‌ನ ದಿ ಗೋಲ್ಡ್ ರಶ್ 1925ರಲ್ಲಿ ಬಂತು. 1942ರಲ್ಲಿ ಅವನೇ ಅದಕ್ಕೆ ನಿರೂಪಣೆ ಕೊಟ್ಟು, ಕೊನೆಯ ಚುಂಬನ ತೆಗೆದು, 72 ನಿಮಿಷಕ್ಕೆ ಇಳಿಸಿದ. ಎರಡೂ ಚಾಪ್ಲಿನ್‌ನವೇ, ಎರಡೂ ಬೇರೆ ಚಿತ್ರಗಳು. ವೆಲ್ಸ್‌ನ ಟಚ್ ಆಫ್ ಈವಿಲ್‌ನ ಕಥೆ ಇನ್ನೂ ಸ್ವಾರಸ್ಯ. ಶುರುವಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಡುವುದರಿಂದ ಅದು ಸಿಡಿಯುವವರೆಗೆ ಮೂರು ನಿಮಿಷಕ್ಕೂ ಮೀರಿದ ಒಂದೇ ಶಾಟ್. 1958ರಲ್ಲಿ ಸ್ಟುಡಿಯೋ ಅದರ ಮೇಲೆ ಹೆಸರುಗಳನ್ನೂ ಹೆನ್ರಿ ಮಾನ್ಸಿನಿಯ ಸಂಗೀತವನ್ನೂ ಹೊರಿಸಿತು. ವೆಲ್ಸ್ 58 ಪುಟದ ಆಕ್ಷೇಪಣೆ ಬರೆದ, ಯಾರೂ ಲಕ್ಷಿಸಲಿಲ್ಲ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಪುಟಗಳನ್ನು ಮುಂದಿಟ್ಟುಕೊಂಡು ಮರುಸಂಕಲನ ಮಾಡಿದ ಮೇಲೆ ಹೆಸರುಗಳು ಮಾಯವಾಗಿ, ಬೀದಿಯ ಬಾರುಗಳಿಂದ, ಕಾರಿನ ರೇಡಿಯೋದಿಂದ ಬರುವ ತುಂಡು ಸಂಗೀತ ಮಾತ್ರ ಉಳಿಯಿತು. ಕಾರು ಹತ್ತಿರ ಬಂದಾಗ ರೇಡಿಯೋ ಜೋರಾಗುತ್ತದೆ. ಬಾಂಬ್ ಎಲ್ಲಿದೆ ಎಂದು ಕಿವಿಯೇ ಹೇಳುತ್ತದೆ. ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್ ವಿಷಯದಲ್ಲಿ ಈ ಭಾಗ್ಯವೂ ಇಲ್ಲ. ವೆಲ್ಸ್ ಬ್ರೆಜಿಲ್‌ನಲ್ಲಿದ್ದಾಗ ಅದನ್ನು 88 ನಿಮಿಷಕ್ಕೆ ಕತ್ತರಿಸಿ ಬೇರೆ ಅಂತ್ಯ ಅಂಟಿಸಿದರು. ಆ ಅಂತ್ಯಕ್ಕಾಗಿ ವೆಲ್ಸ್‌ನನ್ನು ಬೈಯುವುದು ಅನ್ಯಾಯ.

ಬಣ್ಣ ಬಳಿದ ಪ್ರತಿಗಳನ್ನಂತೂ ದೂರವಿಡಿ. ಸತ್ಯ ಹರಿಶ್ಚಂದ್ರ, ಕಸ್ತೂರಿ ನಿವಾಸಗಳಿಗೆ ಬಣ್ಣ ಹಚ್ಚಿದ್ದನ್ನು ಕನ್ನಡಿಗರು ಪ್ರೀತಿಯಿಂದಲೇ ನೋಡಿದರು, ಅದು ಬೇರೆ ಮಾತು. ನೆರಳನ್ನೇ ನಂಬಿ ತೆಗೆದ ಹಾಲಿವುಡ್ ಚಿತ್ರಕ್ಕೆ ಬಣ್ಣ ಹಚ್ಚಿದರೆ ನೆರಳು ಸಾಯುತ್ತದೆ. ಅಂದ ಹಾಗೆ, ಚಿತ್ರದ ಬಲ ಮೇಲ್ಮೂಲೆಯಲ್ಲಿ ಆಗಾಗ ಮಿಂಚಿ ಮರೆಯಾಗುವ ಚುಕ್ಕೆ ಕೊಳೆಯಲ್ಲ. ರೀಲು ಮುಗಿಯುತ್ತಿದೆ, ಎರಡನೇ ಯಂತ್ರ ಶುರುಮಾಡು ಎಂದು ಆಪರೇಟರಿಗೆ ಕೊಡುತ್ತಿದ್ದ ಸನ್ನೆ.

ಕಾನೂನಿನ ಒಂದೆರಡು ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕಿಗೆ 60 ವರ್ಷ, ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ 95. ಆದರೆ ಮೂಲ ಕಥೆ, ಸಂಗೀತದ ಹಕ್ಕು ಬೇರೆಯಾಗಿ ಬದುಕಿರಬಹುದು. ಫ್ರಾಂಕ್ ಕಾಪ್ರಾನ ಇಟ್ಸ್ ಎ ವಂಡರ್‌ಫುಲ್ ಲೈಫ್ ನವೀಕರಣ ತಪ್ಪಿ ಎಲ್ಲರ ಸೊತ್ತಾಗಿ, 1993ರಲ್ಲಿ ಕಥೆ ಮತ್ತು ಸಂಗೀತದ ಹಕ್ಕಿನ ಮೂಲಕವೇ ಮತ್ತೆ ಒಂದು ಕಂಪನಿಯ ಕೈಸೇರಿತು. ಒಟಿಟಿ ಚಂದಾ ಮನೆಯವರ ನೋಟಕ್ಕೆ, ಸಭಾಂಗಣಕ್ಕಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ಪ್ರಶ್ನೆಯೂ ಬರುತ್ತದೆ; ನೋಂದಾಯಿತ ಚಿತ್ರಸಮಾಜದ ಮೂಲಕ ಹೋಗುವುದು ಕ್ಷೇಮ.

ನಿಮ್ಮ ಪತ್ರಿಕೆಯಿಂದ ಒಂದು ಉಪಕಾರವಾಗಬೇಕು. 'ಇಂದಿನ ಕಾರ್ಯಕ್ರಮ' ಕಾಲಮ್ಮಿನಲ್ಲಿ ಹಳೆಯ ಚಿತ್ರದ ಪ್ರದರ್ಶನ ಪ್ರಕಟಿಸುವಾಗ ಹೆಸರು, ವೇಳೆ, ಸ್ಥಳದ ಜೊತೆಗೆ ಬಿಡುಗಡೆಯ ವರ್ಷ, ಅವಧಿ, ಯಾವ ಆವೃತ್ತಿ ಎಂಬುದನ್ನೂ ಸಂಘಟಕರಿಂದ ಕೇಳಿ ಹಾಕಿ: 'ಟಚ್ ಆಫ್ ಈವಿಲ್, 1958, ಮರುಸಂಕಲಿತ 111 ನಿಮಿಷದ ಪ್ರತಿ' ಎಂಬ ಹಾಗೆ. ಅರ್ಧ ಸಾಲು ಹೆಚ್ಚಾದೀತು. ಆ ಅರ್ಧ ಸಾಲು ಕೊಡಬೇಕಾದರೆ ಸಂಘಟಕರು ಹಿಂದಿನ ದಿನವೇ ಡಿಸ್ಕು ಹಾಕಿ ನೋಡಲೇಬೇಕಾಗುತ್ತದೆ.

— ಚಿತ್ರಾಸಕ್ತ ಓದುಗ, ಸಾಗರ